ಔಷಧಪಾಲನೆ ಮತ್ತು ರೋಗಿಯ ನಂಬಿಕೆಗಳು

ವೈದ್ಯರು ಬರೆದುಕೊಟ್ಟ ಔಷಧವನ್ನು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ, ಹೇಳಿದಷ್ಟು ಕಾಲ ತೆಗೆದುಕೊಳ್ಳುವುದು ಔಷಧಪಾಲನೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾ, ಮೂರ್ಛೆರೋಗದಂಥ ದೀರ್ಘಕಾಲದ ಕಾಯಿಲೆಗಳಲ್ಲಿ ಶ್ರೀಮಂತ ದೇಶಗಳಲ್ಲೂ ಔಷಧಪಾಲನೆ ಸರಾಸರಿ ಶೇ. 50ರಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿತು. ಬಡ ದೇಶಗಳಲ್ಲಿ ಅದಕ್ಕಿಂತ ಕಡಿಮೆ. ಉಳಿದವರನ್ನು ಮರೆಗುಳಿಗಳು, ಬೇಜವಾಬ್ದಾರರು, ತಿಳಿವಳಿಕೆ ಸಾಲದವರು ಎಂದು ವೈದ್ಯಲೋಕ ಬಹುಕಾಲ ಎಣಿಸಿತ್ತು. ಕಳೆದ ಕೆಲವು ದಶಕಗಳ ಸಂಶೋಧನೆ ಆ ಎಣಿಕೆಯನ್ನು ಸಡಿಲಿಸಿದೆ. ಮಾತ್ರೆ ಬಿಡುವವರಲ್ಲಿ ಬಹಳಷ್ಟು ಜನ ಯೋಚಿಸಿಯೇ ಬಿಡುತ್ತಾರೆ. ಅವರ ಲೆಕ್ಕ ತಪ್ಪಿರಬಹುದು, ಆದರೆ ಲೆಕ್ಕ ಹಾಕಿಯೇ ಇರುತ್ತಾರೆ.

ಹೀಗಾಗಿ ಔಷಧ ತಪ್ಪುವುದನ್ನು ಸಂಶೋಧಕರು ಎರಡಾಗಿ ನೋಡುತ್ತಾರೆ. ಮರೆವು, ಚೀಟಿ ಓದಲಾಗದಿರುವುದು, ಬಾಟಲಿಯ ಮುಚ್ಚಳ ತಿರುಗಿಸಲು ಬೆರಳಲ್ಲಿ ಕಸುವಿಲ್ಲದಿರುವುದು, ಮೂರು ಹೊತ್ತಿನ ಐದು ಬಗೆಯ ಮಾತ್ರೆಗಳಲ್ಲಿ ಗೊಂದಲವಾಗುವುದು ಒಂದು ಬಗೆ. ಇಲ್ಲಿ ರೋಗಿಗೆ ಮನಸ್ಸಿದೆ, ಆಗುತ್ತಿಲ್ಲ. ಇನ್ನೊಂದು ಬಗೆಯಲ್ಲಿ ರೋಗಿಯೇ ತೀರ್ಮಾನ ಮಾಡಿರುತ್ತಾನೆ: ಪ್ರಮಾಣ ಅರ್ಧ ಮಾಡುತ್ತಾನೆ, ಭಾನುವಾರ ಬಿಡುತ್ತಾನೆ, ಮದುವೆಗೆ ಹೋಗುವ ದಿನ ಬಿಡುತ್ತಾನೆ, ಇಲ್ಲವೇ ಪೂರ್ತಿ ನಿಲ್ಲಿಸುತ್ತಾನೆ. ನಂಬಿಕೆಗಳ ಪಾತ್ರ ಹೆಚ್ಚಿರುವುದು ಈ ಎರಡನೆಯದರಲ್ಲಿ. ಆದರೂ ಗೆರೆ ಅಷ್ಟು ನೇರವಾಗಿಲ್ಲ. ಬೇಕೇಬೇಕು ಎನಿಸಿದ್ದನ್ನು ಯಾರೂ ಸುಲಭವಾಗಿ ಮರೆಯುವುದಿಲ್ಲವಾದ್ದರಿಂದ ಮರೆವಿನ ಹಿಂದೆಯೂ ಒಂದು ಅಭಿಪ್ರಾಯ ಅಡಗಿರಬಹುದು.

ಹಿನ್ನೆಲೆ

ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ರೋಗಿಯಲ್ಲಿರಬೇಕಾದ ಗುಣಗಳನ್ನೂ ಎಣಿಸುತ್ತದೆ: ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ. ನೆನಪಿರಬೇಕು, ಹೇಳಿದಂತೆ ನಡೆಯಬೇಕು, ಅಂಜಬಾರದು, ತನಗೇನಾಗುತ್ತಿದೆ ಎಂದು ವೈದ್ಯನಿಗೆ ತಿಳಿಸಬಲ್ಲವನಾಗಿರಬೇಕು. ನೆನಪನ್ನೂ ಅಂಜಿಕೆಯನ್ನೂ ಬೇರೆಬೇರೆಯಾಗಿ ಎಣಿಸಿದ್ದು ಗಮನಿಸತಕ್ಕದ್ದು; ಆಧುನಿಕ ಸಂಶೋಧನೆ ಈ ವಿಂಗಡಣೆಗೆ ಬಂದು ತಲುಪಲು ಇಪ್ಪತ್ತನೆಯ ಶತಮಾನದ ಕೊನೆಯಾಯಿತು. ಗ್ರೀಸಿನ ಹಿಪೊಕ್ರೆಟಿಸ್ ಪರಂಪರೆಯ ಗ್ರಂಥಗಳಲ್ಲಿಯೂ, ಔಷಧ ತೆಗೆದುಕೊಳ್ಳದೆ ತೆಗೆದುಕೊಂಡೆ ಎನ್ನುವ ರೋಗಿಗಳ ಬಗ್ಗೆ ವೈದ್ಯನಿಗೆ ಎಚ್ಚರಿಕೆಯಿದೆ.

ಈ ವಿಷಯ ಲೆಕ್ಕಾಚಾರದ ವಿಜ್ಞಾನವಾದದ್ದು ಕ್ಷಯರೋಗದ ಕಾರಣದಿಂದ, ಅದೂ ಭಾರತದ ನೆಲದಲ್ಲಿ. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರವು ರೋಗಿಗಳನ್ನು ಸ್ಯಾನಟೋರಿಯಂನಲ್ಲಿ ಇರಿಸಿಕೊಳ್ಳದೆ ಮನೆಯಲ್ಲೇ ಮಾತ್ರೆ ಕೊಟ್ಟು ಗುಣಪಡಿಸಬಹುದೇ ಎಂದು ಪರೀಕ್ಷಿಸಿತು. ಆಗಬಹುದೆಂದು 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಆದರೆ ಮನೆಯಲ್ಲಿ ಚಿಕಿತ್ಸೆ ಎಂದರೆ ರೋಗಿಯ ಮಾತನ್ನು ನಂಬಬೇಕು. ಆ ಕೇಂದ್ರದವರು ನಂಬಿ ಸುಮ್ಮನಿರಲಿಲ್ಲ, ಮೂತ್ರ ತರಿಸಿ ಔಷಧದ ಅಂಶವಿದೆಯೇ ಎಂದು ಪರೀಕ್ಷಿಸಿದರು. ಕೇಂದ್ರದಲ್ಲಿದ್ದ ಬ್ರಿಟಿಷ್ ವೈದ್ಯ ವಾಲೆಸ್ ಫಾಕ್ಸ್ 1958ರಲ್ಲೇ ರೋಗಿಗಳು ತಾವೇ ಔಷಧ ತೆಗೆದುಕೊಳ್ಳುವುದರ ಸಮಸ್ಯೆಯ ಬಗ್ಗೆ ಬರೆದರು. ಮಾತ್ರೆಯನ್ನು ಕಣ್ಣೆದುರೇ ನುಂಗಿಸುವ ಪದ್ಧತಿಯ ಬೇರು ಇಲ್ಲಿದೆ. ಆ ಪದ್ಧತಿ ರೋಗಿ ಏಕೆ ನುಂಗಲಿಲ್ಲ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ನುಂಗಿದ್ದನ್ನು ನೋಡಿದರೆ ಅದಕ್ಕೆ ಸಾಕಿತ್ತು.

1970ರ ದಶಕದಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ಸ್ಯಾಕೆಟ್ ಮತ್ತು ಬ್ರಯನ್ ಹೇನ್ಸ್ ಔಷಧಪಾಲನೆಯನ್ನು ಪ್ರತ್ಯೇಕ ಅಧ್ಯಯನ ಕ್ಷೇತ್ರವಾಗಿ ಬೆಳೆಸಿದರು. 1997ರಲ್ಲಿ ಬ್ರಿಟನ್ನಿನ ರಾಯಲ್ ಫಾರ್ಮಸ್ಯೂಟಿಕಲ್ ಸೊಸೈಟಿ, ರೋಗಿಯ ವಿಧೇಯತೆಯನ್ನು ಅಳೆಯುವುದು ಬಿಟ್ಟು ವೈದ್ಯ ಮತ್ತು ರೋಗಿ ಸೇರಿ ಒಮ್ಮತಕ್ಕೆ ಬರುವುದನ್ನು ಗುರಿಯಾಗಿಸಿಕೊಳ್ಳಬೇಕೆಂದು ವಾದಿಸಿತು.

ಬೇಕು ಮತ್ತು ಭಯ

ಇಂದು ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಚೌಕಟ್ಟನ್ನು ಕೊಟ್ಟವರು ಬ್ರಿಟನ್ನಿನ ರಾಬರ್ಟ್ ಹಾರ್ನ್ ಮತ್ತು ಜಾನ್ ವೈನ್‌ಮನ್. ಅವರೂ ಮ್ಯಾಥ್ಯೂ ಹ್ಯಾಂಕಿನ್ಸ್ ಅವರೂ 1999ರಲ್ಲಿ ಪ್ರಕಟಿಸಿದ ಔಷಧ ನಂಬಿಕೆಗಳ ಪ್ರಶ್ನಾವಳಿಯಲ್ಲಿ ಎರಡು ಭಾಗಗಳಿವೆ. ಒಂದು, ರೋಗಿ ಈಗ ತೆಗೆದುಕೊಳ್ಳುತ್ತಿರುವ ನಿರ್ದಿಷ್ಟ ಔಷಧದ ಬಗ್ಗೆ. ಇನ್ನೊಂದು, ಒಟ್ಟಾರೆ ಔಷಧಗಳ ಬಗ್ಗೆ ಅವನಿಗಿರುವ ಅಭಿಪ್ರಾಯದ ಬಗ್ಗೆ, ಅಂದರೆ ಔಷಧಗಳೆಲ್ಲ ಮೂಲತಃ ವಿಷವೇ, ವೈದ್ಯರು ಬೇಕಾದ್ದಕ್ಕಿಂತ ಹೆಚ್ಚು ಬರೆಯುತ್ತಾರೆಯೇ ಎಂಬಂಥದು. ಮೊದಲ ಭಾಗದ ಹತ್ತು ಹೇಳಿಕೆಗಳಲ್ಲಿ ಐದು ಅಗತ್ಯವನ್ನು ಅಳೆಯುತ್ತವೆ: ನನ್ನ ಮುಂದಿನ ಆರೋಗ್ಯ ಈ ಔಷಧದ ಮೇಲೆ ನಿಂತಿದೆಯೇ, ಇದಿಲ್ಲದೆ ನಾನು ಬದುಕಿಯೇನೇ ಎಂಬ ಬಗೆಯವು. ಉಳಿದ ಐದು ಆತಂಕವನ್ನು ಅಳೆಯುತ್ತವೆ: ಬಹುಕಾಲ ತೆಗೆದುಕೊಂಡರೆ ಏನಾದರೂ ಆದೀತೇ, ಇದಕ್ಕೆ ದಾಸನಾಗಿಬಿಟ್ಟೇನೇ, ಇದು ನನ್ನ ಬದುಕನ್ನು ಅಸ್ತವ್ಯಸ್ತ ಮಾಡುತ್ತಿದೆಯೇ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಅಗತ್ಯದ ಮೊತ್ತದಿಂದ ಆತಂಕದ ಮೊತ್ತವನ್ನು ಕಳೆದರೆ ಸಿಗುವ ಸಂಖ್ಯೆ ತಕ್ಕಡಿಯ ಮುಳ್ಳಿನಂತೆ ಯಾವ ಕಡೆ ವಾಲುತ್ತದೋ ಆ ಕಡೆ ರೋಗಿ ವಾಲುತ್ತಾನೆ ಎಂಬುದು ಊಹೆ.

ಅದೇ ವರ್ಷ ಹಾರ್ನ್ ಮತ್ತು ವೈನ್‌ಮನ್ ಅಸ್ತಮಾ, ಮೂತ್ರಪಿಂಡ, ಹೃದಯ ಮತ್ತು ಕ್ಯಾನ್ಸರ್ ರೋಗಿಗಳು ಸೇರಿ 324 ಜನರಲ್ಲಿ ಇದನ್ನು ಪರೀಕ್ಷಿಸಿದರು. ಶೇ. 89ರಷ್ಟು ಜನ ತಮಗೆ ಔಷಧ ಬೇಕೆಂದೇ ಒಪ್ಪಿದ್ದರು. ಆದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರಲ್ಲಿ, ಅಭ್ಯಾಸವಾದೀತು, ಮುಂದೆ ಕೆಡುಕಾದೀತು ಎಂಬ ಬಲವಾದ ಆತಂಕವೂ ಇತ್ತು. ಬೇಕು ಎಂಬುದೂ ಭಯವೂ ಒಂದೇ ಮನಸ್ಸಿನಲ್ಲಿ ಒಟ್ಟಿಗೇ ಇರಬಲ್ಲವು ಎನ್ನುವುದು ಈ ಅಧ್ಯಯನದ ಮುಖ್ಯ ತಿಳಿವು. ಇದರಿಂದ ಹಾರ್ನ್ ರೋಗಿಗಳನ್ನು ನಾಲ್ಕು ಬಗೆಯಾಗಿ ನೋಡಿದರು: ಬೇಕೆನಿಸಿ ಭಯವಿಲ್ಲದ ಒಪ್ಪಿಗೆಯವರು, ಬೇಕೆನಿಸಿಯೂ ಭಯಪಡುವ ದ್ವಂದ್ವದವರು, ಬೇಡವೆನಿಸಿ ಭಯವೂ ಇರುವ ಸಂಶಯದವರು, ಎರಡೂ ಇಲ್ಲದ ಉದಾಸೀನರು. ದ್ವಂದ್ವದವರು ಎದುರಿಗೆ ತಲೆಯಾಡಿಸುತ್ತಾರೆ, ಮಾತ್ರೆ ಕೊಳ್ಳುತ್ತಾರೆ, ಮನೆಯಲ್ಲಿ ಅರ್ಧ ಮುರಿದು ನುಂಗುತ್ತಾರೆ; ಅವರು ವೈದ್ಯರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

2013ರಲ್ಲಿ ಹಾರ್ನ್ ಮತ್ತು ಸಂಗಡಿಗರು 94 ಅಧ್ಯಯನಗಳನ್ನು, ಸುಮಾರು 25,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಬೇಕೆಂಬ ಭಾವನೆ ಒಂದು ಮಾನಕ ವಿಚಲನೆಯಷ್ಟು ಹೆಚ್ಚಿದರೆ ಹೇಳಿದಂತೆ ಔಷಧ ತೆಗೆದುಕೊಳ್ಳುವ ಸಂಭವದ ಅನುಪಾತ ಸುಮಾರು 1.7 ಪಟ್ಟಾಗುತ್ತದೆ, ಆತಂಕ ಅಷ್ಟೇ ಹೆಚ್ಚಿದರೆ ಅರ್ಧಕ್ಕಿಳಿಯುತ್ತದೆ. ಬೇರೆಬೇರೆ ದೇಶಗಳಲ್ಲಿ, ಬೇರೆಬೇರೆ ಕಾಯಿಲೆಗಳಲ್ಲಿ ಇದೇ ದಿಕ್ಕು ಕಂಡಿತು. ಆದರೆ ಇದನ್ನು ಹಿಗ್ಗಿಸಿ ಹೇಳುವುದೂ ಸರಿಯಲ್ಲ. 1999ರ ಅಧ್ಯಯನದಲ್ಲಿ ಔಷಧಪಾಲನೆಯ ವ್ಯತ್ಯಾಸದಲ್ಲಿ ನಂಬಿಕೆಗಳು ವಿವರಿಸಿದ್ದು ಶೇ. 19ರಷ್ಟನ್ನು. ವಯಸ್ಸು, ಲಿಂಗ, ಓದು ಇವು ವಿವರಿಸುವುದಕ್ಕಿಂತ ಅದು ಹೆಚ್ಚು, ನಿಜ. ಆದರೂ ಉಳಿದ ಬಹುಪಾಲು ಬೇರೆಲ್ಲೋ ಇದೆ.

ಕಾಯಿಲೆಯ ಚಿತ್ರ

ಔಷಧ ಬೇಕೋ ಬೇಡವೋ ಎಂಬ ತೀರ್ಮಾನ ಔಷಧದಿಂದ ಆರಂಭವಾಗುವುದಿಲ್ಲ, ಕಾಯಿಲೆಯಿಂದ ಆರಂಭವಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಹೋವರ್ಡ್ ಲೆವೆಂಥಾಲ್ ಪ್ರಕಾರ ಪ್ರತಿಯೊಬ್ಬರೂ ತಮ್ಮ ಕಾಯಿಲೆಯ ಬಗ್ಗೆ ಮನಸ್ಸಿನಲ್ಲೊಂದು ಚಿತ್ರ ಕಟ್ಟಿಕೊಳ್ಳುತ್ತಾರೆ: ಇದರ ಹೆಸರೇನು, ಏಕೆ ಬಂತು, ಎಷ್ಟು ದಿನ ಇರುತ್ತದೆ, ಏನು ಮಾಡುತ್ತದೆ, ಇದಕ್ಕೆ ಮದ್ದಿದೆಯೇ. ಚಿಕಿತ್ಸೆ ಆ ಚಿತ್ರಕ್ಕೆ ಹೊಂದಿದರೆ ಉಳಿಯುತ್ತದೆ, ಇಲ್ಲವಾದರೆ ಬಿದ್ದುಹೋಗುತ್ತದೆ. 1985ರಲ್ಲಿ ಅವರು ಸಂಗಡಿಗರೊಂದಿಗೆ ಪ್ರಕಟಿಸಿದ ರಕ್ತದೊತ್ತಡದ ಅಧ್ಯಯನದಲ್ಲಿ ಒಂದು ತಮಾಷೆಯ ಸಂಗತಿ ಹೊರಬಿತ್ತು. ಒತ್ತಡ ಏರಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಬಹುಪಾಲು ರೋಗಿಗಳು ಒಪ್ಪಿದರು. ಅದೇ ರೋಗಿಗಳಲ್ಲಿ ಬಹುಪಾಲು ಜನ ತಮಗೆ ಮಾತ್ರ ಗೊತ್ತಾಗುತ್ತದೆ ಎಂದರು. ತಲೆ ಭಾರ, ಮುಖ ಕೆಂಪು, ಕಿವಿಯಲ್ಲಿ ಗುಂಯ್ ಎನ್ನುವುದು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಗುರುತು. ಔಷಧದಿಂದ ಆ ಗುರುತು ತಗ್ಗುತ್ತದೆಂದುಕೊಂಡವರು ಮಾತ್ರೆ ಬಿಟ್ಟದ್ದು ಕಡಿಮೆ. ಹಾಗೆನಿಸದವರು ಬಿಟ್ಟದ್ದು ಹೆಚ್ಚು.

ಅಸ್ತಮಾದಲ್ಲಿ ಇಂಥ ಚಿತ್ರಕ್ಕೆ ತೆರಬೇಕಾದ ಬೆಲೆ ಹೆಚ್ಚು. ನ್ಯೂಯಾರ್ಕಿನಲ್ಲಿ ಅಸ್ತಮಾ ಉಲ್ಬಣಿಸಿ ಆಸ್ಪತ್ರೆ ಸೇರಿದ 198 ವಯಸ್ಕರನ್ನು ಈಥನ್ ಹಾಮ್ ಮತ್ತು ಸಂಗಡಿಗರು ವಿಚಾರಿಸಿದಾಗ, ಉಬ್ಬಸ ಇರುವಾಗ ಮಾತ್ರ ತಮಗೆ ಅಸ್ತಮಾ ಇದೆ ಎಂದವರು ಶೇ. 53. ಈ ಚಿತ್ರ ಮನಸ್ಸಿನಲ್ಲಿದ್ದರೆ, ಉಬ್ಬಸವಿಲ್ಲದ ದಿನಗಳಲ್ಲೂ ಉರಿಯೂತವನ್ನು ತಗ್ಗಿಸಲು ಎಳೆಯಬೇಕಾದ ಸ್ಟಿರಾಯ್ಡ್ ಇನ್ಹೇಲರ್‌ಗೆ ಜಾಗವೇ ಇಲ್ಲ. ಉಬ್ಬಸ ಬಂದಾಗ ತಟ್ಟನೆ ಬಿಡುಗಡೆ ಕೊಡುವ ನೀಲಿ ಇನ್ಹೇಲರ್ ಜೇಬಿನಲ್ಲಿ ಉಳಿಯುತ್ತದೆ, ಇನ್ನೊಂದು ಕಪಾಟು ಸೇರುತ್ತದೆ.

ಕ್ಷಯರೋಗದಲ್ಲೂ ಇದೇ ಬಲೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಕೆಮ್ಮು, ಜ್ವರ ಕೆಲವೇ ವಾರಗಳಲ್ಲಿ ಇಳಿದು ಮೈ ತುಂಬಿಕೊಳ್ಳತೊಡಗುತ್ತದೆ. ಲಕ್ಷಣವೇ ಕಾಯಿಲೆ ಎಂದುಕೊಂಡವರಿಗೆ ಉಳಿದ ತಿಂಗಳುಗಳು ಅರ್ಥವಿಲ್ಲದವು. ಔಷಧದಂಗಡಿಯ ಕಟ್ಟೆಯ ಮುಂದೆ ಹತ್ತು ನಿಮಿಷ ನಿಂತರೆ ಇದರ ಚಿಕ್ಕ ರೂಪ ಕಾಣಸಿಗುತ್ತದೆ. ಐದು ದಿನದ ಆಂಟಿಬಯಾಟಿಕ್ ಚೀಟಿ ಹಿಡಿದು ಬಂದವರು "ಅಣ್ಣ, ಸದ್ಯಕ್ಕೆ ಎರಡು ದಿನದ್ದು ಕೊಡಿ, ನೋಡೋಣ" ಎನ್ನುತ್ತಾರೆ. ಅಂಗಡಿಯವರು ಕತ್ತರಿ ತೆಗೆದು ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಔಷಧದ ಹೆಸರು, ಅವಧಿ ಮುಗಿಯುವ ದಿನಾಂಕ ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಈ ಎರಡು ದಿನದ ಲೆಕ್ಕದಲ್ಲಿ ದುಡ್ಡೂ ಇದೆ, ನಂಬಿಕೆಯೂ ಇದೆ. ಯಾವುದೆಷ್ಟು ಎಂದು ಬಿಡಿಸುವುದು ಕಷ್ಟ.

ಉಷ್ಣ, ಅಭ್ಯಾಸ, ಪವರ್

ಆತಂಕಗಳು ಒಂದೊಂದು ನೆಲದಲ್ಲಿ ಒಂದೊಂದು ಆಕಾರ ಪಡೆಯುತ್ತವೆ. ಕರ್ನಾಟಕದ ಬಗ್ಗೆ ಇಲ್ಲಿ ಒಂದು ಒಳ್ಳೆಯ ದಾಖಲೆಯಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1970ರ ದಶಕದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯ ಮಾಡಿ, ಜನ ಆಯುರ್ವೇದದ ಕಷಾಯ, ಇಂಗ್ಲಿಷ್ ಮದ್ದು, ಸೂಜಿಮದ್ದು ಇವುಗಳ ನಡುವೆ ಹೇಗೆ ಆರಿಸಿಕೊಳ್ಳುತ್ತಾರೆಂದು 1980ರ ಒಂದು ಪ್ರಬಂಧದಲ್ಲಿ ವಿವರಿಸಿದರು. ಜನ ಮದ್ದನ್ನು ತೂಗುತ್ತಿದ್ದದ್ದು ಅದರ ಬಣ್ಣ, ರುಚಿ, ರೂಪ, ಉಷ್ಣವೋ ತಂಪೋ ಎಂಬ ಗುಣ, ದೇಹ ಅದನ್ನು ತಾಳುತ್ತದೆಯೇ ಎಂಬ ಅಂದಾಜು ಇವುಗಳಿಂದ. ಇಂಗ್ಲಿಷ್ ಮದ್ದು ಬೇಗ ಕೆಲಸ ಮಾಡುತ್ತದೆ, ಪವರ್ ಜಾಸ್ತಿ, ಆದ್ದರಿಂದಲೇ ಉಷ್ಣ, ಆದ್ದರಿಂದಲೇ ಬಲವಿಲ್ಲದ ದೇಹಕ್ಕೆ ಆಗಿಬರುವುದಿಲ್ಲ ಎಂಬ ತರ್ಕಸರಣಿ ಇಂದಿಗೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೇಳಿಬರುತ್ತದೆ. ಮಾತ್ರೆ ನುಂಗಿ ಮೇಲೆ ಮಜ್ಜಿಗೆ ಕುಡಿಯುವುದು, ಬೇಸಗೆಯಲ್ಲಿ ಪ್ರಮಾಣ ತಗ್ಗಿಸುವುದು, ಏನೂ ತಿನ್ನದ ದಿನ ಗುಳಿಗೆ ಬಿಡುವುದು ಈ ತರ್ಕದ ಒಳಗಿನಿಂದ ನೋಡಿದರೆ ಎಚ್ಚರಿಕೆಯ ನಡೆಗಳು.

ಮಾರ್ಕ್ ಮತ್ತು ಮಿಮಿ ನಿಕ್ಟರ್ ಅದೇ ಜಿಲ್ಲೆಯ ಬಸುರಿಯರ ಆಹಾರದ ಬಗ್ಗೆ ನಡೆಸಿದ ಅಧ್ಯಯನದಲ್ಲಿ, ಊಟವೂ ಮಗುವೂ ಹೊಟ್ಟೆಯಲ್ಲಿ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ, ಹೆಚ್ಚು ಉಂಡರೆ ಮಗುವಿಗೆ ಇಕ್ಕಟ್ಟಾಗುತ್ತದೆ ಎಂಬ ತಿಳಿವಳಿಕೆ ದಾಖಲಾಗಿದೆ. ಕಬ್ಬಿಣಾಂಶದ ಮಾತ್ರೆಗಳು ಈ ನೆಲಕ್ಕೆ ಬಂದು ಬಿದ್ದವು. ಅವನ್ನು ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಮಲದ ಬಣ್ಣ ಬದಲಾಗುವುದು ಅಪಾಯವಲ್ಲ ಎಂದು ಯಾರೂ ಮುಂಚೆ ಹೇಳದಿದ್ದರೆ ಒಳಗೇನೋ ಸುಡುತ್ತಿದೆ ಎಂಬ ಊಹೆಗೆ ದೇಹವೇ ಸಾಕ್ಷಿ ಕೊಟ್ಟಂತಾಗುತ್ತದೆ. ಕ್ಷಯದ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆಗೆಂಪು ಮಾಡುವುದೂ ಇಂಥದ್ದೇ. ಮೊದಲೇ ಹೇಳಿದರೆ ಅದು ಔಷಧ ಒಳಗೆ ಹೋಗಿದೆ ಎಂಬ ಗುರುತು, ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂಬ ಗಾಬರಿ. ಅರ್ಧ ನಿಮಿಷದ ಮಾತಿನ ವ್ಯತ್ಯಾಸ.

ಅಭ್ಯಾಸವಾಗುವ ಭಯ ಇನ್ನೂ ವ್ಯಾಪಕ. "ಒಂದು ಸಲ ಶುರು ಮಾಡಿದರೆ ಬಿಡೋಕಾಗಲ್ಲ" ಎಂಬ ಮಾತು ರಕ್ತದೊತ್ತಡ, ಥೈರಾಯ್ಡ್, ಖಿನ್ನತೆ, ಇನ್ಹೇಲರ್ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ಜೀವನಪೂರ್ತಿ ಬೇಕಾಗುವ ಔಷಧಕ್ಕೂ ಚಟ ಹತ್ತಿಸುವ ಔಷಧಕ್ಕೂ ಇರುವ ಅಂತರ ಈ ಮಾತಿನಲ್ಲಿ ಅಳಿಸಿಹೋಗುತ್ತದೆ. ನಿದ್ರೆಮಾತ್ರೆಯ ವಿಷಯದಲ್ಲಿ ಆ ಭಯಕ್ಕೆ ಆಧಾರವಿದೆ, ಥೈರಾಯ್ಡ್ ಮಾತ್ರೆಯ ವಿಷಯದಲ್ಲಿ ಇಲ್ಲ. ಕಿಡ್ನಿಯ ಭಯವೂ ಹೀಗೆಯೇ ಅರ್ಧ ನಿಜ. ಮೈಕೈ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಹೌದು; ಆದರೆ ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆ ಬಿಟ್ಟವರ ಮೂತ್ರಪಿಂಡಕ್ಕೆ ಕಾದಿರುವ ಅಪಾಯ ಅದಕ್ಕಿಂತ ದೊಡ್ಡದು. ನೋವಿನ ಮಾತ್ರೆಯನ್ನು ಚೀಟಿಯಿಲ್ಲದೆ ಕೊಂಡು ಬಿ.ಪಿ. ಮಾತ್ರೆಯನ್ನು ಕಿಡ್ನಿಯ ಹೆಸರಲ್ಲಿ ಬಿಡುವವರು ಅಪರೂಪವೇನಲ್ಲ. ಇನ್ಸುಲಿನ್‌ಗಂತೂ ಕೊನೆಯ ಹಂತದ ಚಿಕಿತ್ಸೆ ಎಂಬ ಹೆಸರು ಅಂಟಿದೆ. ಇದರಲ್ಲಿ ವೈದ್ಯರ ಪಾಲೂ ಇದೆ: "ಪಥ್ಯ ಮಾಡದಿದ್ದರೆ ಇನ್ಸುಲಿನ್ ಹಾಕಬೇಕಾಗುತ್ತೆ ನೋಡಿ" ಎಂದು ವರ್ಷಗಟ್ಟಲೆ ಹೆದರಿಸಿ, ಒಂದು ದಿನ ಅದನ್ನೇ ಬರೆದುಕೊಟ್ಟರೆ ಶಿಕ್ಷೆ ಬರೆದುಕೊಟ್ಟಂತೆಯೇ ಕಾಣುತ್ತದೆ.

ವಲಸೆ ಹೋದವರೊಂದಿಗೆ ಈ ನಂಬಿಕೆಗಳೂ ಹೋಗುತ್ತವೆ. ಬ್ರಿಟನ್ನಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಹಾರ್ನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಷ್ಯಾದ ಸಂಸ್ಕೃತಿಯ ಹಿನ್ನೆಲೆಯವರು ಯುರೋಪಿನ ಹಿನ್ನೆಲೆಯವರಿಗಿಂತ ಔಷಧಗಳನ್ನು ಹೆಚ್ಚು ಹಾನಿಕರವೆಂದೂ ಅಭ್ಯಾಸ ಹಿಡಿಸುವಂಥವೆಂದೂ ಕಾಣುತ್ತಿದ್ದರು. ಓದಿದವರು ಅವರು. ಓದು ಹೆಚ್ಚಿದಂತೆ ಔಷಧದ ಭಯ ಇಳಿಯುತ್ತದೆ ಎಂಬ ಸರಳ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಮಾತ್ರೆಯ ಹೊರನೋಟವೂ ನಂಬಿಕೆಯನ್ನು ಕದಲಿಸುತ್ತದೆ. ಹೃದಯಾಘಾತವಾದ ಅಮೆರಿಕದ ರೋಗಿಗಳಲ್ಲಿ, ಅದೇ ಜೆನೆರಿಕ್ ಔಷಧದ ಬಣ್ಣ ಬದಲಾದಾಗ ಅದನ್ನು ನಿಲ್ಲಿಸುವ ಸಂಭವದ ಅನುಪಾತ ಶೇ. 34ರಷ್ಟೂ ಆಕಾರ ಬದಲಾದಾಗ ಶೇ. 66ರಷ್ಟೂ ಹೆಚ್ಚುತ್ತದೆಂದು ಏರನ್ ಕೆಸೆಲ್‌ಹೈಮ್ ತಂಡ 2014ರಲ್ಲಿ ತೋರಿಸಿತು. ಒಂದೇ ಔಷಧ ಹತ್ತಾರು ಕಂಪನಿಗಳ ಹೆಸರಲ್ಲಿ ಬರುವ, "ಅದು ಇಲ್ಲ, ಇದೂ ಅದೇ" ಎಂದು ಅಂಗಡಿಯವರು ಬೇರೆ ಸ್ಟ್ರಿಪ್ ಕೈಗಿಡುವ ಭಾರತದಲ್ಲಿ ಈ ಸಂಗತಿಗೆ ತೂಕ ಹೆಚ್ಚು. ಬೆಲೆಯೂ ಮಾತಾಡುತ್ತದೆ. 2008ರ ಒಂದು ಪ್ರಯೋಗದಲ್ಲಿ ಔಷಧದ ಅಂಶವೇ ಇಲ್ಲದ ಒಂದೇ ಹುಸಿಮಾತ್ರೆಯನ್ನು ಎರಡೂವರೆ ಡಾಲರಿನದೆಂದು ಹೇಳಿ ಕೊಟ್ಟಾಗ ನೋವು ಕಡಿಮೆಯಾಯಿತೆಂದವರು ಶೇ. 85, ಹತ್ತು ಸೆಂಟಿನದೆಂದಾಗ ಶೇ. 61. ಜನೌಷಧಿ ಕೇಂದ್ರಗಳ ಅಗ್ಗದ ಮಾತ್ರೆ ಕೈಗೆ ಬಂದಾಗ "ಇದರಲ್ಲಿ ಪವರ್ ಇರುತ್ತಾ?" ಎಂಬ ಪ್ರಶ್ನೆ ಏಳುವುದು ಆಶ್ಚರ್ಯವಲ್ಲ.

ದೇಹ ಹೇಳುವ ಸಾಕ್ಷಿ

ಔಷಧ ಕೆಡುಕು ಮಾಡುತ್ತದೆಂಬ ನಿರೀಕ್ಷೆಯೇ ಕೆಡುಕನ್ನು ಅನುಭವಕ್ಕೆ ತರಬಲ್ಲದು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ಮೈಕೈ ನೋವಿನಂಥ ತೊಂದರೆಯಿಂದ ನಿಲ್ಲಿಸಿದ್ದ 60 ಜನರನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಒಂದು ಪ್ರಯೋಗಕ್ಕೆ ಸೇರಿಸಿಕೊಂಡರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರಿಗೂ ಹನ್ನೆರಡು ಬಾಟಲಿಗಳು: ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಹುಸಿಮಾತ್ರೆ, ನಾಲ್ಕು ಖಾಲಿ. ತಿಂಗಳಿಗೊಂದರಂತೆ, ಯಾವ ತಿಂಗಳು ಯಾವುದೆಂಬ ಕ್ರಮವಿಲ್ಲದೆ. ತೊಂದರೆಯ ತೀವ್ರತೆಯನ್ನು ದಿನವೂ ಫೋನಿನಲ್ಲಿ ದಾಖಲಿಸಬೇಕು. ಖಾಲಿ ತಿಂಗಳುಗಳ ಸರಾಸರಿ ಅಂಕ 8.0, ಹುಸಿಮಾತ್ರೆಯ ತಿಂಗಳುಗಳದು 15.4, ಸ್ಟ್ಯಾಟಿನ್‌ನದು 16.3. ಅಂದರೆ ನೋವು ಸುಳ್ಳಲ್ಲ. ಅದರ ಬಹುಪಾಲು ಬಂದದ್ದು ರಾಸಾಯನಿಕದಿಂದಲ್ಲ, ಮಾತ್ರೆ ನುಂಗುವ ಕ್ರಿಯೆಯಿಂದ. ತಮ್ಮ ಅಂಕಗಳನ್ನು ತಾವೇ ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಆರಂಭಿಸಿದರು. ಉಪದೇಶದಿಂದ ಆಗದ್ದು ಸ್ವಂತ ದೇಹದ ಲೆಕ್ಕಪುಸ್ತಕದಿಂದ ಆಯಿತು.

ಇದಕ್ಕಿಂತ ಹಳೆಯ, ಇದಕ್ಕಿಂತ ವಿಚಿತ್ರವಾದ ಇನ್ನೊಂದು ಫಲಿತಾಂಶವಿದೆ. ಹೃದಯಾಘಾತದಿಂದ ಬದುಕುಳಿದ ಗಂಡಸರಿಗೆ ರಕ್ತದ ಕೊಬ್ಬಿಳಿಸುವ ಕ್ಲೋಫೈಬ್ರೇಟ್ ಕೊಟ್ಟು ನೋಡಿದ ಅಮೆರಿಕದ ಕರೋನರಿ ಡ್ರಗ್ ಪ್ರಾಜೆಕ್ಟ್ 1980ರಲ್ಲಿ ವರದಿ ಮಾಡಿದ ಪ್ರಕಾರ, ಔಷಧವನ್ನು ಸರಿಯಾಗಿ ತೆಗೆದುಕೊಂಡವರಲ್ಲಿ ಐದು ವರ್ಷದೊಳಗೆ ತೀರಿಕೊಂಡವರು ಶೇ. 15, ಸರಿಯಾಗಿ ತೆಗೆದುಕೊಳ್ಳದವರಲ್ಲಿ ಶೇ. 24.6. ಔಷಧದ ಗುಣವೆಂದು ಸಂತೋಷಪಡುವಷ್ಟರಲ್ಲಿ ಹುಸಿಮಾತ್ರೆಯ ಗುಂಪಿನ ಅಂಕಿಗಳು ಬಂದವು: ಅದನ್ನು ಸರಿಯಾಗಿ ನುಂಗಿದವರಲ್ಲಿ ಶೇ. 15.1, ನುಂಗದವರಲ್ಲಿ ಶೇ. 28.3. ಹುಸಿಮಾತ್ರೆಯನ್ನು ನಿಷ್ಠೆಯಿಂದ ನುಂಗುವವರು ಬಹುಶಃ ಬೇರೆ ವಿಷಯಗಳಲ್ಲೂ ಆರೋಗ್ಯದ ಬಗ್ಗೆ ಕಾಳಜಿಯುಳ್ಳವರು. ಔಷಧಪಾಲನೆಯಿಂದ ಇಷ್ಟು ಜೀವ ಉಳಿಯಿತು ಎಂಬ ಲೆಕ್ಕಗಳನ್ನು ಓದುವಾಗ ಈ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಅಳತೆ, ನೆನಪೋಲೆ, ಮಾತುಕತೆ

ರೋಗಿಯನ್ನು ಕೇಳುವುದು ಅಗ್ಗ. ಆದರೆ "ದಿನಾ ತಗೋತಿದ್ದೀರಾ ಅಮ್ಮ?" ಎಂದರೆ "ಹ್ಞೂ ಡಾಕ್ಟ್ರೇ" ಎನ್ನದೆ ಬೇರೆ ಉತ್ತರ ಬರುವುದು ಕಷ್ಟ. ಮಾತ್ರೆ ಎಣಿಸುವುದು, ಅಂಗಡಿಯ ದಾಖಲೆ ನೋಡುವುದು, ಮುಚ್ಚಳ ತೆರೆದ ಹೊತ್ತನ್ನು ಬರೆದುಕೊಳ್ಳುವ ಎಲೆಕ್ಟ್ರಾನಿಕ್ ಬಾಟಲಿ ಎಲ್ಲವೂ ಬಳಕೆಯಲ್ಲಿವೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿ ಭಾರತದ ಕ್ಷಯ ನಿಯಂತ್ರಣದಲ್ಲಿ ಬಳಕೆಗೆ ಬಂದ 99ಡಾಟ್ಸ್ ಒಂದು ಜಾಣ ಉಪಾಯ. ಮಾತ್ರೆಯ ಸ್ಟ್ರಿಪ್ಪಿಗೆ ಹೊದಿಸಿದ ರಟ್ಟಿನಲ್ಲಿ ಅಡಗಿರುವ ಫೋನ್ ಸಂಖ್ಯೆ ಮಾತ್ರೆ ಒತ್ತಿ ತೆಗೆದಾಗಷ್ಟೇ ಕಾಣುತ್ತದೆ. ಆ ಸಂಖ್ಯೆಗೆ ಉಚಿತ ಕರೆ ಕೊಟ್ಟರೆ ಆ ದಿನದ ಮಾತ್ರೆ ನುಂಗಿದಂತೆ ದಾಖಲು. ಮೂತ್ರದಲ್ಲಿ ಔಷಧದ ಅಂಶ ಹುಡುಕಿ ಹೋಲಿಸಿದ ಅಧ್ಯಯನವೊಂದರಲ್ಲಿ ಕರೆಗೂ ನುಂಗಿದ್ದಕ್ಕೂ ಚೆನ್ನಾಗಿ ತಾಳೆಯಾಗಲಿಲ್ಲ. ಮಾತ್ರೆ ತೆಗೆದವರೆಲ್ಲ ಕರೆ ಮಾಡುವುದಿಲ್ಲ, ಕರೆ ಮಾಡಿದವರೆಲ್ಲ ನುಂಗಿರುವುದಿಲ್ಲ.

ಮರೆವೇ ಮೂಲವಾಗಿದ್ದರೆ ನೆನಪಿಸುವುದು ಮದ್ದಾಗಬೇಕಿತ್ತು. ದಕ್ಷಿಣ ಭಾರತದಲ್ಲಿ ಎಚ್‌ಐವಿ ಚಿಕಿತ್ಸೆ ಆರಂಭಿಸಿದ 631 ರೋಗಿಗಳಲ್ಲಿ ಮೊಬೈಲ್ ಕರೆ ಮತ್ತು ಚಿತ್ರಸಂದೇಶಗಳ ಮೂಲಕ ನೆನಪಿಸಿ ನೋಡಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ನೆನಪಿಸಿದ ಗುಂಪಿಗೂ ನೆನಪಿಸದ ಗುಂಪಿಗೂ ಚಿಕಿತ್ಸೆಯ ಫಲದಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ. ಇದರ ಪಕ್ಕದಲ್ಲಿ ನ್ಯೂಜಿಲೆಂಡಿನ ಕೀತ್ ಪೆಟ್ರಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗವನ್ನಿಡಬಹುದು. ಅಲ್ಲಿ 147 ಅಸ್ತಮಾ ರೋಗಿಗಳಲ್ಲಿ ಒಂದು ಗುಂಪಿಗೆ 18 ವಾರ ಹೋದ ಮೊಬೈಲ್ ಸಂದೇಶಗಳು ಇನ್ಹೇಲರ್ ಎಳೆಯಿರಿ ಎಂದು ನೆನಪಿಸಲಿಲ್ಲ. ಒಬ್ಬೊಬ್ಬರ ತಪ್ಪು ತಿಳಿವಳಿಕೆ ಯಾವುದೆಂದು ಮೊದಲು ಕೇಳಿ ತಿಳಿದು, ಉಬ್ಬಸವಿಲ್ಲದಾಗಲೂ ಅಸ್ತಮಾ ಇದೆ ಎಂಬಂಥ ಅವರವರಿಗೆ ಬೇಕಾದ ಮಾತನ್ನು ಕಳಿಸಲಾಯಿತು. ಇನ್ಹೇಲರ್ ಬಳಕೆ ಹೆಚ್ಚಿತು, ಸಂದೇಶ ನಿಂತ ಮೇಲೂ ಆ ಅಂತರ ಉಳಿಯಿತು. ಎರಡು ದೇಶ, ಎರಡು ಕಾಯಿಲೆ, ಅಳತೆಯೂ ಬೇರೆ. ನೇರ ಹೋಲಿಕೆ ಸಲ್ಲದು. ಆದರೂ ಒಂದೇ ಉಪಕರಣದಿಂದ ಏನು ಹೇಳುತ್ತೇವೆ ಎಂಬುದು ಎಷ್ಟು ಮುಖ್ಯವೆಂದು ಊಹಿಸಲು ಇವೆರಡು ಸಾಕು.

ಇಂಗ್ಲೆಂಡಿನಲ್ಲಿ 2011ರಿಂದ, ದೀರ್ಘಕಾಲದ ಕಾಯಿಲೆಗೆ ಹೊಸ ಔಷಧ ಆರಂಭಿಸಿದವರೊಡನೆ ಔಷಧದಂಗಡಿಯ ಫಾರ್ಮಸಿಸ್ಟ್ ಮೊದಲ ವಾರಗಳಲ್ಲೇ ಮಾತಾಡಿ ತೊಂದರೆ, ಅನುಮಾನಗಳನ್ನು ಕೇಳುವ ಸರ್ಕಾರಿ ಸೇವೆಯಿದೆ. ಯಾದೃಚ್ಛಿಕ ಪ್ರಯೋಗದಲ್ಲಿ ಹತ್ತು ವಾರಗಳ ಹೊತ್ತಿಗೆ ಈ ಸೇವೆ ಪಡೆದವರ ಔಷಧಪಾಲನೆ ಉಳಿದವರಿಗಿಂತ ಸುಮಾರು ಹತ್ತು ಶೇಕಡಾಂಶ ಹೆಚ್ಚಿತ್ತು. ಇಂಥ ಯಶಸ್ಸುಗಳು ಹೆಚ್ಚಿಲ್ಲ. ಚಿಕಿತ್ಸಾ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2014ರ ವಿಮರ್ಶೆ ಜರಡಿ ಹಿಡಿದ 182 ಪ್ರಯೋಗಗಳಲ್ಲಿ ಗುಣಮಟ್ಟದಿಂದ ನಡೆದವು 17. ಅವುಗಳಲ್ಲಿ ಔಷಧಪಾಲನೆ ಮತ್ತು ಆರೋಗ್ಯ ಎರಡನ್ನೂ ಸುಧಾರಿಸಿದವು 5 ಮಾತ್ರ.

ನಂಬಿಕೆಯ ಮೇಲೆ ಹೊರೆ

ದುಡ್ಡಿನ ಮಾತನ್ನು ನಂಬಿಕೆಯ ಮಾತು ಮುಚ್ಚಿಹಾಕಬಾರದು. ಹಾಗೆಂದು ದುಡ್ಡೊಂದೇ ಅಡ್ಡಿಯೂ ಅಲ್ಲ. ಹೃದಯಾಘಾತವಾದವರಿಗೆ ಔಷಧವನ್ನು ಪೂರ್ತಿ ಉಚಿತವಾಗಿ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದಲ್ಲಿ, 2011ರ ವರದಿಯಂತೆ, ಔಷಧಪಾಲನೆ ಏರಿದ್ದು ನಾಲ್ಕರಿಂದ ಆರು ಶೇಕಡಾಂಶದಷ್ಟೇ. ಉಚಿತವಾಗಿ ಸಿಕ್ಕರೂ ಹೆಚ್ಚಿನವರ ನಡೆ ಬದಲಾಗಲಿಲ್ಲ. ಇನ್ನೊಂದು ಕಡೆ, ಮನಸ್ಸಿದ್ದರೂ ಔಷಧವೇ ಇಲ್ಲದ ಸ್ಥಿತಿಯಿದೆ. 2024ರ ಮಾರ್ಚಿನಲ್ಲಿ ಭಾರತದಲ್ಲಿ ಕ್ಷಯದ ಔಷಧಗಳ ಸರಬರಾಜು ಏರುಪೇರಾಗಿ, ರಾಜ್ಯಗಳೇ ಸ್ಥಳೀಯವಾಗಿ ಕೊಂಡುಕೊಳ್ಳಬೇಕೆಂದು ಕೇಂದ್ರ ಸೂಚಿಸಿತು. ಅಂಥ ತಿಂಗಳಲ್ಲಿ ತಪ್ಪಿದ ಮಾತ್ರೆಗೂ ರೋಗಿಯ ನಂಬಿಕೆಗೂ ಸಂಬಂಧವಿಲ್ಲ.

ಜನರ ಅಜ್ಞಾನವನ್ನು ಕಾರಣವೆಂದು ಮೊದಲೇ ತೀರ್ಮಾನಿಸುವ ಚಾಳಿಗೆ ಕರ್ನಾಟಕದಲ್ಲೇ ಒಂದು ಹಳೆಯ ಉತ್ತರವಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಹುಡುಕಿ ವಿಚಾರಿಸಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬರೆದರು. ಹಳ್ಳಿಯವರಿಗೆ ಕಾಯಿಲೆಯ ಅರಿವೇ ಇರುವುದಿಲ್ಲ ಎಂಬುದು ಆಗಿನ ತಜ್ಞರ ಎಣಿಕೆ. ಸಿಕ್ಕ ಚಿತ್ರ ತದ್ವಿರುದ್ಧ: ರೋಗಿಗಳಲ್ಲಿ ಬಹುಪಾಲು ಜನ ತಮ್ಮ ಲಕ್ಷಣಗಳನ್ನು ಬಲ್ಲವರಾಗಿದ್ದರು, ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಮಿಕ್ಸ್ಚರ್.

ಸಂಶೋಧನೆಯ ಒಳಗೂ ಬಗೆಹರಿಯದ ತೊಡಕೊಂದಿದೆ. ಬಹುಪಾಲು ಅಧ್ಯಯನಗಳು ನಂಬಿಕೆಯನ್ನೂ ಔಷಧ ಸೇವನೆಯನ್ನೂ ಒಂದೇ ದಿನ, ರೋಗಿಯ ಬಾಯಿಂದಲೇ ಕೇಳಿ ಬರೆದುಕೊಂಡವು. ಬೇಡವೆನಿಸಿ ಮಾತ್ರೆ ಬಿಟ್ಟರೋ, ಬೇರೇನೋ ಕಾರಣಕ್ಕೆ ಬಿಟ್ಟ ಮೇಲೆ ಬೇಡವೆನ್ನಲು ಕಾರಣ ಹೊಂದಿಸಿಕೊಂಡರೋ ಹೇಳಲಾಗದು. ಚಿಕಿತ್ಸೆ ಆರಂಭವಾದ ದಿನದಿಂದಲೇ ರೋಗಿಯ ಜೊತೆಗಿದ್ದು, ನಂಬಿಕೆ ಮೊದಲು ಕದಲಿತೋ ಮಾತ್ರೆ ಮೊದಲು ತಪ್ಪಿತೋ ಎಂದು ತಿಂಗಳು ತಿಂಗಳೂ ನೋಡುತ್ತ ಹೋಗುವ ಅಧ್ಯಯನಗಳು ಕಡಿಮೆ. ಕನ್ನಡದಂಥ ಭಾಷೆಗಳಲ್ಲಿ, ರೋಗಿಗಳ ಸ್ವಂತ ಮಾತುಗಳಿಂದಲೇ ಪ್ರಶ್ನೆಗಳನ್ನು ಕಟ್ಟಿಕೊಂಡು ನಡೆಸಿದವು ಇನ್ನೂ ಕಡಿಮೆ.